ಬ್ರೇಕ್ ಪೆಡಲ್ ಸೆನ್ಸರ್: ದೋಷ ಎಲ್ಲಿದೆ ಎಂದು ಕಂಡುಕೊಳ್ಳುವ ಬಗೆ

2014ರ ಮೇ ತಿಂಗಳಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ಷೆವರ್ಲೆ ಮ್ಯಾಲಿಬು, ಪಾಂಟಿಯಾಕ್ ಜಿ6 ಮತ್ತು ಸ್ಯಾಟರ್ನ್ ಔರಾ ಮಾದರಿಗಳ ಸುಮಾರು 24 ಲಕ್ಷ ಕಾರುಗಳನ್ನು ದುರಸ್ತಿಗಾಗಿ ವಾಪಸು ಕರೆಯಿತು. ಆ ಕಾರುಗಳಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಒಮ್ಮೊಮ್ಮೆ ಹತ್ತುತ್ತಿರಲಿಲ್ಲ, ಒತ್ತದೆ ಇದ್ದಾಗ ತಾನಾಗಿ ಹತ್ತಿಕೊಳ್ಳುತ್ತಿತ್ತು. ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಗಾಲಿ ಜಾರದಂತೆ, ಕಾರು ಹಿಡಿತ ತಪ್ಪದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ವ್ಯವಸ್ಥೆಗಳು ನಿಷ್ಕ್ರಿಯವಾಗುವ ಸಾಧ್ಯತೆಯೂ ಇತ್ತು. ಇಷ್ಟನ್ನು ಕೇಳಿದ ಯಾರಿಗಾದರೂ ಪೆಡಲಿನ ಸ್ಥಾನವನ್ನು ಅಳೆಯುವ ಸೆನ್ಸರ್ ಕೆಟ್ಟಿದೆ ಎಂದೇ ಅನ್ನಿಸುತ್ತದೆ. ಆದರೆ ದೋಷದ ಮೂಲವೆಂದು ಗುರುತಿಸಲ್ಪಟ್ಟದ್ದು ಸೆನ್ಸರ್ ಅಲ್ಲ, ಅದರ ಸಂಕೇತವು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಗಣಕಪೆಟ್ಟಿಗೆಯನ್ನು ಸೇರುವ ಕಪ್ಲರ್, ಅಂದರೆ ತಂತಿಗಳನ್ನು ಸಿಕ್ಕಿಸುವ ಜೋಡಣೆ. ವಾಹನದ ನಿರಂತರ ಅದುರುವಿಕೆಯಿಂದ ಪಿನ್ನುಗಳು ಒಂದಕ್ಕೊಂದು ಸೂಕ್ಷ್ಮವಾಗಿ ಉಜ್ಜಿಕೊಂಡು, ಉಜ್ಜಿದ ಜಾಗದಲ್ಲಿ ಕಿಲುಬು ಕಟ್ಟಿ, ವಿದ್ಯುತ್ತಿಗೆ ತಡೆ ಹೆಚ್ಚುತ್ತಿತ್ತು. ಆದ್ದರಿಂದ ಆ ಬೃಹತ್ ದುರಸ್ತಿಯ ಮುಖ್ಯ ಸಾಮಗ್ರಿ ಹೊಸ ಸೆನ್ಸರ್ ಆಗಿರಲಿಲ್ಲ: ಕಪ್ಲರ್ ಅಲುಗಾಡದಂತೆ ಒಂದು ಬೆಣೆ, ಪಿನ್ನುಗಳಿಗೆ ವಿಶೇಷ ಗ್ರೀಸ್, ಕೊನೆಯಲ್ಲಿ ಪೆಡಲಿನ ವಿಶ್ರಾಂತ ಸ್ಥಾನವನ್ನು ಗಣಕಕ್ಕೆ ಮತ್ತೆ ಕಲಿಸುವ ವಿಧಾನ.

ಹೋಲಿಕೆಗೆ ಇನ್ನೊಂದು ಪ್ರಕರಣವನ್ನು ನೋಡಬಹುದು. 2013ರ ಏಪ್ರಿಲ್‌ನಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ಒಟ್ಟು 16 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಬಹುಮಟ್ಟಿಗೆ ಇಂಥದೇ ಲಕ್ಷಣಗಳಿಗಾಗಿ ವಾಪಸು ಕರೆದವು. ಅಲ್ಲಿ ಕೆಟ್ಟಿದ್ದದ್ದು ಬ್ರೇಕ್ ಲೈಟ್ ಸ್ವಿಚ್ಚೇ. ಅದನ್ನು ಬದಲಿಸಿದ್ದೇ ಪರಿಹಾರವಾಯಿತು. ಲಕ್ಷಣ ಒಂದೇ ಇದ್ದರೂ ರೋಗ ಬೇರೆ ಬೇರೆ ಕಡೆ ಇರಬಹುದು ಎಂಬುದೇ ಈ ವಿಷಯದ ಕಷ್ಟ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಕೇಳಿರುವ "ಹೊಸದೊಂದು ಹಾಕಿ ನೋಡೋಣ ಸಾರ್" ಎಂಬ ಮಾತು ಹುಟ್ಟುವುದೂ ಈ ಕಷ್ಟದಿಂದಲೇ. ಹಾಕಿ ನೋಡುವ ಮೊದಲು ಅಳೆದು ನೋಡಲು ಸಾಧ್ಯವಿದೆ. ಅದಕ್ಕೆ ಬೇಕಾಗುವ ಉಪಕರಣಗಳು ದುಬಾರಿಯೂ ಅಲ್ಲ.

ಪೆಡಲಿನ ಹಿಂದೆ ಇರುವುದೇನು

ಬ್ರೇಕ್ ಪೆಡಲ್ ಸೆನ್ಸರ್ ಎಂಬ ಒಂದೇ ಹೆಸರಿನಲ್ಲಿ ಜನ ಮೂರು ಬೇರೆ ಬೇರೆ ಬಿಡಿಭಾಗಗಳನ್ನು ಕರೆಯುತ್ತಾರೆ. ನಿಮ್ಮ ವಾಹನದಲ್ಲಿ ಇರುವುದು ಯಾವುದು ಎಂದು ತಿಳಿಯದೆ ಪರೀಕ್ಷೆ ಆರಂಭಿಸಿದರೆ ಅಳತೆಯ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

ಅತಿ ಸಾಮಾನ್ಯವಾದದ್ದು ಪೆಡಲಿನ ತೋಳಿನ ಮೇಲ್ಭಾಗದಲ್ಲಿ, ಸ್ಟೀರಿಂಗ್‌ನ ಕೆಳಗೆ ಕತ್ತಲಲ್ಲಿ ಕುಳಿತಿರುವ ಬ್ರೇಕ್ ಲೈಟ್ ಸ್ವಿಚ್. ಅದರ ಮೂತಿಯಲ್ಲಿ ಸ್ಪ್ರಿಂಗ್‌ನ ಬಲದಿಂದ ಹೊರಗೆ ಚಾಚಲು ಹವಣಿಸುವ ಒಂದು ಕಡ್ಡಿ ಇರುತ್ತದೆ. ಪೆಡಲ್ ವಿಶ್ರಾಂತ ಸ್ಥಿತಿಯಲ್ಲಿದ್ದಾಗ ಅದರ ತೋಳು ಈ ಕಡ್ಡಿಯನ್ನು ಒಳಗೆ ಒತ್ತಿ ಹಿಡಿದಿರುತ್ತದೆ. ಕಾಲಿಟ್ಟು ಒತ್ತಿದಾಗ ತೋಳು ದೂರ ಸರಿದು ಕಡ್ಡಿ ಹೊರಗೆ ಬರುತ್ತದೆ, ಒಳಗಿನ ಸಂಪರ್ಕ ಕೂಡಿ ದೀಪ ಹತ್ತುತ್ತದೆ. ಅಂದರೆ ಕಡ್ಡಿ ಒಳಗಿದ್ದರೆ ದೀಪ ಆರಿರುತ್ತದೆ, ಹೊರಗಿದ್ದರೆ ಹತ್ತುತ್ತದೆ. ಮೊದಲ ನೋಟಕ್ಕೆ ತಿರುಗುಮುರುಗಾಗಿ ಕಾಣುವ ಈ ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವ ಹಲವು ದೋಷಗಳು ತಾವಾಗಿಯೇ ಅರ್ಥವಾಗುತ್ತವೆ.

ಹಳೆಯ ವಾಹನಗಳ ಸ್ವಿಚ್ಚಿಗೆ ಎರಡೇ ತಂತಿ. ಎಂಜಿನ್ನನ್ನು ಇಸಿಯು ಎಂಬ ಗಣಕ ನಿಯಂತ್ರಿಸುವ ಇಂದಿನ ಬಹಳಷ್ಟು ಕಾರುಗಳಲ್ಲಿ ನಾಲ್ಕು ತಂತಿಗಳಿರುತ್ತವೆ, ಏಕೆಂದರೆ ಒಂದೇ ಕವಚದೊಳಗೆ ಎರಡು ಸ್ವತಂತ್ರ ಸಂಪರ್ಕಗಳಿರುತ್ತವೆ. ಒಂದು ದೀಪದ ಸಂಪರ್ಕ: ಪೆಡಲ್ ಬಿಟ್ಟಾಗ ತೆರೆದಿರುತ್ತದೆ, ಒತ್ತಿದಾಗ ಕೂಡುತ್ತದೆ. ಇನ್ನೊಂದು ಇಸಿಯುಗೆ ಮಾತ್ರ ಮೀಸಲಾದ ಸಂಪರ್ಕ: ಪೆಡಲ್ ಬಿಟ್ಟಾಗ ಕೂಡಿರುತ್ತದೆ, ಒತ್ತಿದಾಗ ತೆರೆಯುತ್ತದೆ. ಒಂದು ಹೌದು ಎಂದಾಗ ಇನ್ನೊಂದು ಇಲ್ಲ ಎನ್ನಲೇಬೇಕು. ಎರಡೂ ಒಟ್ಟಿಗೆ ಹೌದು ಎಂದರೂ, ಒಟ್ಟಿಗೆ ಇಲ್ಲ ಎಂದರೂ, ಎರಡರಲ್ಲಿ ಒಂದು ಸುಳ್ಳು ಎಂದು ಇಸಿಯುಗೆ ಖಚಿತವಾಗುತ್ತದೆ. ಆದರೆ ಸುಳ್ಳಾಡುತ್ತಿರುವುದು ಯಾವುದು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಎರಡನೆಯ ಬಗೆ ಹಾಲ್ ಸೆನ್ಸರ್. ಫೋಕ್ಸ್‌ವ್ಯಾಗನ್ ಸಮೂಹದ ಹಲವು ಕಾರುಗಳಲ್ಲಿ ಇದು ಪೆಡಲಿನ ಬಳಿ ಇರದೆ ಎಂಜಿನ್ ಕೋಣೆಯಲ್ಲಿ, ಬ್ರೇಕ್ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಪಿಸ್ಟನ್ನಿನ ಜೊತೆ ಚಲಿಸುವ ಆಯಸ್ಕಾಂತವನ್ನು ಸ್ಪರ್ಶವಿಲ್ಲದೆಯೇ ಗುರುತಿಸುತ್ತದೆ. ಸುಟ್ಟುಹೋಗುವ ಸಂಪರ್ಕಗಳು ಇದರಲ್ಲಿ ಇಲ್ಲ. ಮೂರನೆಯದು ನಿಜವಾದ ಅರ್ಥದಲ್ಲಿ ಪೆಡಲ್ ಸ್ಥಾನ ಸೆನ್ಸರ್. ಪೆಡಲ್ ಎಷ್ಟು ಕೆಳಗೆ ಹೋಗಿದೆ ಎಂಬುದನ್ನು ಇದು ಏರಿಳಿಯುವ ವೋಲ್ಟೇಜಿನ ರೂಪದಲ್ಲಿ ತಿಳಿಸುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಿಗೆ ಇಂಥ ಅಳತೆ ಬೇಕೇ ಬೇಕು, ಏಕೆಂದರೆ ಚಾಲಕ ಕೇಳಿದ ನಿಧಾನಗತಿಯಲ್ಲಿ ಎಷ್ಟು ಪಾಲನ್ನು ಮೋಟರಿನ ಮರುಚಾರ್ಜಿನಿಂದ (ಕಾರಿನ ಓಟದಿಂದಲೇ ಬ್ಯಾಟರಿ ತುಂಬಿಸುತ್ತ ವೇಗ ತಗ್ಗಿಸುವುದರಿಂದ) ಪಡೆಯಬೇಕು, ಎಷ್ಟನ್ನು ಬ್ರೇಕ್ ಪ್ಯಾಡುಗಳಿಂದ ಪಡೆಯಬೇಕು ಎಂಬುದನ್ನು ಗಣಕವೇ ತೀರ್ಮಾನಿಸಬೇಕಾಗುತ್ತದೆ.

ಇಲ್ಲಿಯೇ ಒಂದು ಭಯವನ್ನು ದೂರಮಾಡುವುದು ಒಳ್ಳೆಯದು. ಸಾಮಾನ್ಯ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಪೆಡಲಿನ ಬಲವು ಒಂದು ಉಕ್ಕಿನ ಸರಳಿನ ಮೂಲಕ, ಆ ಬಲವನ್ನು ಹೆಚ್ಚಿಸುವ ಬೂಸ್ಟರಿಗೂ ಮಾಸ್ಟರ್ ಸಿಲಿಂಡರಿಗೂ ನೇರವಾಗಿ ಹೋಗುತ್ತದೆ. ಸ್ವಿಚ್ ಸತ್ತುಹೋದರೂ ಬ್ರೇಕ್ ಹಿಡಿಯುತ್ತದೆ. ಅದೇ ರೀತಿ, ಪೆಡಲ್ ಮೆತ್ತಗಾಗಿದೆ, ಆಳಕ್ಕೆ ಹೋಗುತ್ತಿದೆ, ಅಥವಾ ಮೀಟರಿನಲ್ಲಿ ವೃತ್ತದೊಳಗಿನ ಆಶ್ಚರ್ಯಸೂಚಕ ಚಿಹ್ನೆ ಕೆಂಪಾಗಿ ಹತ್ತಿದೆ ಎಂದಾದರೆ ಸೆನ್ಸರಿನ ಬಗ್ಗೆ ಯೋಚಿಸುತ್ತ ಕೂರಬಾರದು. ಅದು ಬ್ರೇಕ್ ದ್ರವ, ಸೋರಿಕೆ ಅಥವಾ ಹ್ಯಾಂಡ್‌ಬ್ರೇಕಿಗೆ ಸಂಬಂಧಿಸಿದ್ದು, ಮತ್ತು ಅದನ್ನು ಬಗೆಹರಿಸದೆ ವಾಹನವನ್ನು ಹೊರಗೆ ತೆಗೆಯಲೇಬಾರದು.

ಲಕ್ಷಣಗಳು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತವೆ

ಬ್ರೇಕ್ ಒತ್ತಲಾಗಿದೆಯೇ ಎಂಬ ಒಂದು ಸಣ್ಣ ಮಾಹಿತಿಯನ್ನು ಈಗಿನ ಕಾರಿನಲ್ಲಿ ಎಷ್ಟು ವ್ಯವಸ್ಥೆಗಳು ಅವಲಂಬಿಸಿವೆ ಎಂದರೆ, ಸ್ವಿಚ್ಚಿನ ದೋಷವು ಮೊದಲು ಎಲ್ಲೋ ಸಂಬಂಧವಿಲ್ಲದ ಜಾಗದಲ್ಲಿ ತಲೆ ಎತ್ತುತ್ತದೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಆಟೋಮ್ಯಾಟಿಕ್ ಕಾರು, ಬ್ರೇಕ್ ಒತ್ತಿರುವುದು ತನಗೆ ಕಾಣದಿದ್ದರೆ ಸ್ಟಾರ್ಟ್ ಆಗುವುದಿಲ್ಲ. ಮಾಲೀಕರು ಬ್ಯಾಟರಿಯನ್ನು ದೂರುತ್ತಾರೆ. ಗೇರ್ ಲಿವರ್ ಪಾರ್ಕಿಂಗ್ ಸ್ಥಾನದಿಂದ ಕದಲುವುದಿಲ್ಲ. ಗೇರ್‌ಬಾಕ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಜನಪ್ರಿಯವಾದ ಎಎಂಟಿ, ಅಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಕ್ಲಚ್ ಮತ್ತು ಗೇರನ್ನು ಯಂತ್ರವೇ ನಿಭಾಯಿಸುವ ಕಾರುಗಳಲ್ಲಿಯೂ ಸ್ಟಾರ್ಟ್ ಮಾಡಲು ಮತ್ತು ನ್ಯೂಟ್ರಲ್‌ನಿಂದ ಗೇರಿಗೆ ಹಾಕಲು ಬ್ರೇಕ್ ಸಂಕೇತ ಬೇಕು.

ಇದಕ್ಕೆ ವಿರುದ್ಧವಾದ ದೋಷ, ಅಂದರೆ ಒತ್ತದಿದ್ದರೂ ಒತ್ತಿದಂತೆ ಸಂಕೇತ ಹೋಗುತ್ತಲೇ ಇರುವುದು, ಇನ್ನಷ್ಟು ದಾರಿ ತಪ್ಪಿಸುತ್ತದೆ. 2009–10ರಲ್ಲಿ ಟೊಯೋಟಾ ಕಾರುಗಳು ತಾವಾಗಿ ವೇಗ ಪಡೆಯುತ್ತವೆ ಎಂಬ ದೂರುಗಳು ಅಮೆರಿಕದಲ್ಲಿ ದೊಡ್ಡ ವಿವಾದವಾದ ಬಳಿಕ, ಆಕ್ಸಿಲರೇಟರ್ ಮತ್ತು ಬ್ರೇಕ್ ಎರಡೂ ಒತ್ತಿದಂತೆ ಕಂಡರೆ ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸುವ ವ್ಯವಸ್ಥೆಯನ್ನು ಆ ಕಂಪನಿಯು ತನ್ನ ಹೊಸ ಕಾರುಗಳಲ್ಲಿ ಅಳವಡಿಸುವುದಾಗಿ ಪ್ರಕಟಿಸಿತು. ಇಂಥ ವ್ಯವಸ್ಥೆ ಇಂದು ಅನೇಕ ಕಂಪನಿಗಳ ಕಾರುಗಳಲ್ಲಿ ಇದೆ. ಬ್ರೇಕ್ ಸಂಕೇತ ಸದಾ ಹೋಗುತ್ತಿದ್ದರೆ ಈ ರಕ್ಷಣೆಯೇ ತೊಡಕಾಗಿ, ಕಾರು ಪಿಕಪ್ ಕಳೆದುಕೊಳ್ಳಬಹುದು. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್‌ಗಳಲ್ಲಿ, ಎರಡನ್ನೂ ನೇರವಾಗಿ ಬೆಸೆಯುವ ಲಾಕ್‌ಅಪ್ ಕ್ಲಚ್ ಹಿಡಿಯದೆ ಮೈಲೇಜ್ ಇಳಿಯಬಹುದು. ಕ್ರೂಸ್ ಕಂಟ್ರೋಲ್ ಸೆಟ್ ಆಗುವುದೇ ಇಲ್ಲ. ಎಲ್ಲಕ್ಕಿಂತ ಪ್ರಾಯೋಗಿಕವಾದ ನಷ್ಟವೆಂದರೆ ಬ್ಯಾಟರಿ: ಬ್ರೇಕ್ ದೀಪಗಳಿಗೆ ವಿದ್ಯುತ್ ಸಾಮಾನ್ಯವಾಗಿ ಇಗ್ನಿಷನ್ ಕೀಲಿಯನ್ನು ಹಾಯದೆ ನೇರವಾಗಿ ಬರುವುದರಿಂದ ಕೀಲಿ ತೆಗೆದರೂ ಅವು ಉರಿಯುತ್ತಲೇ ಇರುತ್ತವೆ. 21 ವ್ಯಾಟಿನ ಎರಡು ಬಲ್ಬುಗಳು ಸುಮಾರು 3.5 ಆಂಪಿಯರ್ ಎಳೆದರೆ, ಸಣ್ಣ ಕಾರಿನ 35 ಆಂಪಿಯರ್–ಅವರ್ ಬ್ಯಾಟರಿ ಒಂದು ರಾತ್ರಿಯಲ್ಲಿ ಬರಿದಾಗುತ್ತದೆ.

ವಿದ್ಯುತ್ ಕಾರುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮರುಚಾರ್ಜಿನಿಂದಲೇ ಕಾರು ಬೇಗನೆ ನಿಧಾನವಾದರೆ, ಪೆಡಲ್ ಮುಟ್ಟದಿದ್ದರೂ ಬ್ರೇಕ್ ದೀಪ ಹತ್ತಬೇಕಾಗುತ್ತದೆ. ಯುರೋಪಿನಲ್ಲಿ ಅನ್ವಯಿಸುವ ವಿಶ್ವಸಂಸ್ಥೆಯ ನಿಯಮಾವಳಿ ಆರ್13–ಎಚ್ ಪ್ರಕಾರ ಸೆಕೆಂಡಿನ ವರ್ಗಕ್ಕೆ 1.3 ಮೀಟರ್‌ಗಿಂತ ಹೆಚ್ಚಿನ ನಿಧಾನಗತಿಗೆ ದೀಪ ಹತ್ತುವುದು ಕಡ್ಡಾಯ. ಹಿಂದೆ ಬರುವವರು "ನಿಮ್ಮ ಬ್ರೇಕ್ ಲೈಟ್ ಸುಮ್ಮನೆ ಹತ್ತುತ್ತಾ ಇದೆ" ಎಂದು ಹೇಳಿದ ಮಾತ್ರಕ್ಕೆ ಅಂಥ ಕಾರಿನ ಸೆನ್ಸರನ್ನು ಶಂಕಿಸಬೇಕಾಗಿಲ್ಲ.

ಮೊದಲು ಕಣ್ಣು, ಆಮೇಲೆ ಮೀಟರ್

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಗೋಡೆಯ ಕಡೆ ಮಾಡಿಕೊಂಡರೆ ಒಬ್ಬರೇ ದೀಪಗಳ ಪ್ರತಿಫಲನವನ್ನು ಕನ್ನಡಿಯಲ್ಲಿ ನೋಡುತ್ತ ಪರೀಕ್ಷಿಸಬಹುದು. ಎಡ, ಬಲ ಮತ್ತು ಮೇಲಿನ ಮೂರನೆಯ ದೀಪಗಳಲ್ಲಿ ಒಂದು ಮಾತ್ರ ಹತ್ತದಿದ್ದರೆ ಅದು ಬಲ್ಬು ಅಥವಾ ಹೋಲ್ಡರ್. ಸ್ವಿಚ್ಚಿನ ಮಾತೇ ಬರುವುದಿಲ್ಲ. ಮೂರೂ ಹತ್ತದಿದ್ದರೆ ಫ್ಯೂಸ್ ನೋಡಬೇಕು. ಕೆಲವು ಕಾರುಗಳಲ್ಲಿ ಹಾರ್ನಿಗೂ ಬ್ರೇಕ್ ದೀಪಕ್ಕೂ ಒಂದೇ ಫ್ಯೂಸ್ ಇರುವುದರಿಂದ, ಹಾರ್ನ್ ಕೂಡ ಮೌನವಾಗಿದ್ದರೆ ಉತ್ತರ ಅಲ್ಲೇ ಸಿಗಬಹುದು. ಬ್ರೇಕ್ ಒತ್ತಿದಾಗ ಹಿಂದಿನ ಪಾರ್ಕಿಂಗ್ ದೀಪವೋ ಇಂಡಿಕೇಟರೋ ಮಂಕಾಗಿ ಮಿನುಗಿದರೆ ಅದು ಆ ಬದಿಯ ದೀಪದ ಅರ್ಥ್ (ವಿದ್ಯುತ್ತು ಬಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ) ಸರಿಯಿಲ್ಲದಿರುವುದರ ಗುರುತು: ಸರಿಯಾದ ಅರ್ಥ್ ಸಿಗದ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಕರಾವಳಿಯ ಉಪ್ಪುಗಾಳಿಗೂ ಮಲೆನಾಡಿನ ಮಳೆಗೂ ಒಡ್ಡಿಕೊಂಡ ವಾಹನಗಳಲ್ಲಿ ಅರ್ಥ್‌ನ ಬೋಲ್ಟ್ ತುಕ್ಕು ಹಿಡಿದು ಇಂಥ ದೋಷ ಬರುವುದು ಸಾಮಾನ್ಯ.

ಆಮೇಲೆ ಟಾರ್ಚ್ ಹಿಡಿದು ಪೆಡಲಿನ ಕೆಳಗೆ ಬಗ್ಗಿ ನೋಡಬೇಕು. ಮ್ಯಾಟಿನ ಮೇಲೆ ಮುರಿದ ಪ್ಲಾಸ್ಟಿಕ್ಕಿನ ಚೂರುಗಳು, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥವು, ಬಿದ್ದಿದ್ದರೆ ರೋಗ ಪತ್ತೆಯಾಯಿತು ಎಂದೇ ತಿಳಿಯಬಹುದು. ಅನೇಕ ಕಾರುಗಳ ಪೆಡಲ್ ತೋಳಿನಲ್ಲಿ ಸ್ವಿಚ್ಚಿನ ಕಡ್ಡಿ ತಾಗುವ ಜಾಗದಲ್ಲಿ ಒಂದು ರಂಧ್ರವಿದ್ದು, ಅದನ್ನು ಮುಚ್ಚಲು ನಾಲ್ಕಾಣೆ ನಾಣ್ಯದಷ್ಟು ಅಗಲದ ಪ್ಲಾಸ್ಟಿಕ್ ಅಥವಾ ರಬ್ಬರ್ ಸ್ಟಾಪರ್ ಕೂರಿಸಿರುತ್ತಾರೆ. ವರ್ಷಾನುಗಟ್ಟಲೆ ಬಿಸಿಲಿನ ಝಳಕ್ಕೆ ಅದು ಗಟ್ಟಿಯಾಗಿ ಬಿರುಕು ಬಿಟ್ಟು ಉದುರಿಹೋದಾಗ, ಕಡ್ಡಿಯು ಆ ರಂಧ್ರದೊಳಗೆ ತೂರಿ ಪೂರ್ತಿ ಹೊರಚಾಚಿಕೊಳ್ಳುತ್ತದೆ. ಕಡ್ಡಿ ಹೊರಗೆ ಎಂದರೆ ದೀಪ ಹತ್ತಿದಂತೆ. ಸ್ವಿಚ್ಚಿಗೆ ಏನೂ ಆಗಿರುವುದಿಲ್ಲ. ಅದರ ಎದುರಿನ ಆಸರೆ ಮಾತ್ರ ಕಾಣೆಯಾಗಿರುತ್ತದೆ. ಬೆರಳಿನಿಂದ ಕಡ್ಡಿಯನ್ನು ಒಳಗೆ ಒತ್ತಿದಾಗ ದೀಪ ಆರಿ, ಬಿಟ್ಟಾಗ ಹತ್ತಿದರೆ ದೀಪದ ಸಂಪರ್ಕ ಸರಿಯಿದೆ ಎಂದು ಸಾಬೀತಾಗುತ್ತದೆ, ಒಂದು ಸಣ್ಣ ಸ್ಟಾಪರಿನಿಂದ ಕೆಲಸ ಮುಗಿಯುತ್ತದೆ. ಇಷ್ಟು ಅಗ್ಗದ ವಸ್ತುವಿಗಾಗಿ ಎಷ್ಟೋ ಬ್ಯಾಟರಿಗಳು ಮತ್ತು ಸ್ವಿಚ್ಚುಗಳು ವ್ಯರ್ಥವಾಗಿ ಬದಲಾಗಿವೆ.

ಸ್ಟಾಪರ್ ಸರಿಯಿದ್ದರೆ, ಸ್ವಿಚ್ ತನ್ನ ಹಿಡಿಕೆಯಲ್ಲಿ ಅಲ್ಲಾಡುತ್ತಿದೆಯೇ, ಪೆಡಲ್ ಕೈಬಿಟ್ಟಾಗ ಪೂರ್ತಿ ಮೇಲೆ ಬರುತ್ತಿದೆಯೇ, ಮ್ಯಾಟಿನ ಅಂಚು ಅಡ್ಡ ಬರುತ್ತಿದೆಯೇ ಎಂದು ನೋಡಬೇಕು. ತಂತಿಗಳ ಮೇಲೆ ಇಲಿಯ ಹಲ್ಲಿನ ಗುರುತು, ಅಂಟುಪಟ್ಟಿ ಸುತ್ತಿದ ಹಳೆಯ ಜೋಡಣೆ ಇದೆಯೇ ಎಂಬುದೂ ಮುಖ್ಯ. ಹೊರಗಿನಿಂದ ಹಾಕಿಸಿದ ಮಿನುಗುವ ಹೆಚ್ಚುವರಿ ಬ್ರೇಕ್ ದೀಪಗಳು, ಟ್ರೈಲರಿನ ಸಾಕೆಟ್ಟುಗಳು ಇವೆಲ್ಲ ಸಾಮಾನ್ಯವಾಗಿ ಈ ತಂತಿಯನ್ನೇ ಕೊಯ್ದು ಜೋಡಿಸಿದವು. ಹೆಚ್ಚುವರಿ ದೀಪಗಳು ಎಳೆಯುವ ವಿದ್ಯುತ್ತು ಸ್ವಿಚ್ಚಿನ ಸಂಪರ್ಕದ ಮೇಲೆಯೇ ಬೀಳುವುದರಿಂದ, ಪ್ರತಿ ಸಲ ಬ್ರೇಕ್ ಬಿಟ್ಟಾಗ ಹುಟ್ಟುವ ಕಿಡಿ ದೊಡ್ಡದಾಗಿ ಸಂಪರ್ಕ ಬೇಗ ಸುಡುತ್ತದೆ. ಈ ಬಗೆಯ ಅಲಂಕಾರಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಸ್ಕ್ಯಾನರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ, ಗಣಕ ದಾಖಲಿಸಿದ ದೋಷಸಂಖ್ಯೆಗಳನ್ನು ಓದುವ ಸ್ಕ್ಯಾನರ್ ಸಿಕ್ಕಿಸಿದಾಗ ಸಾಮಾನ್ಯವಾಗಿ ಕಾಣುವ ಸಂಖ್ಯೆಗಳಲ್ಲಿ ಪಿ0504 ಎಂದರೆ ಬ್ರೇಕ್ ಸ್ವಿಚ್ಚಿನ ಎರಡು ಸಂಪರ್ಕಗಳಿಂದ ಬರುವ ಎ ಮತ್ತು ಬಿ ಸಂಕೇತಗಳು ಪರಸ್ಪರ ತಾಳೆಯಾಗುತ್ತಿಲ್ಲ ಎಂದರ್ಥ. ಪಿ0571, ಪಿ0572, ಪಿ0573 ಇವು ಎ ಸರ್ಕ್ಯೂಟಿನ ದೋಷ, ಕಡಿಮೆ ವೋಲ್ಟೇಜ್ ಮತ್ತು ಹೆಚ್ಚು ವೋಲ್ಟೇಜಿನ ಸಂಖ್ಯೆಗಳು. ಪಿ0703 ಎಂಬುದು ಬಿ ಸರ್ಕ್ಯೂಟಿಗೆ ಸೇರಿದ್ದು. ಜನರಲ್ ಮೋಟರ್ಸ್ ವಾಹನಗಳಲ್ಲಿ ಪೆಡಲ್ ಸ್ಥಾನ ಸೆನ್ಸರಿನ ಸರ್ಕ್ಯೂಟಿಗೆ ಸಿ0277 ಎಂಬ ಸಂಖ್ಯೆ ಇದೆ. ಈ ವಿವರಣೆಗಳಲ್ಲಿ ಮತ್ತೆ ಮತ್ತೆ ಬರುವ ಸರ್ಕ್ಯೂಟ್ ಎಂಬ ಮಾತಿನ ಮೇಲೆ ಗಮನವಿರಬೇಕು. ಫ್ಯೂಸ್‌ನಿಂದ ಹಿಡಿದು ಸ್ವಿಚ್, ತಂತಿ, ಕಪ್ಲರ್, ಬಲ್ಬು, ಅರ್ಥ್, ಇಸಿಯುವಿನ ಪಿನ್ನಿನವರೆಗೆ ಇರುವುದೆಲ್ಲ ಸರ್ಕ್ಯೂಟೇ. ಇಸಿಯು ತನ್ನ ಪಿನ್ನಿಗೆ ಬಂದ ವೋಲ್ಟೇಜನ್ನು ಮಾತ್ರ ಬಲ್ಲದು. ಅದಕ್ಕಿಂತ ಆಚೆಗಿನದನ್ನು ಅದು ನೋಡಲಾರದು.

ಪಿ0504 ಕಂಡುಬಂದಾಗ ಬಲ್ಬುಗಳನ್ನು ಪರೀಕ್ಷಿಸದೆ ಸ್ವಿಚ್ ತರಿಸಬಾರದು ಎನ್ನಲು ಒಂದು ಸೂಕ್ಷ್ಮ ಕಾರಣವಿದೆ. ಕೆಲವು ಕಾರುಗಳಲ್ಲಿ ಇಸಿಯು ದೀಪದ ತಂತಿಯಿಂದಲೇ ಸಂಕೇತವನ್ನು ಓದುತ್ತದೆ. ಪೆಡಲ್ ಬಿಟ್ಟಾಗ ಆ ತಂತಿಯು ಬಲ್ಬಿನ ತಂತುವಿನ ಮೂಲಕ ಅರ್ಥ್‌ಗೆ ಸೇರಿರುವುದರಿಂದ ಸೊನ್ನೆ ವೋಲ್ಟಿನಲ್ಲಿರುತ್ತದೆ. ಎಲ್ಲ ಬಲ್ಬುಗಳೂ ಸುಟ್ಟುಹೋದರೆ ಅಥವಾ ಅವುಗಳ ಅರ್ಥ್ ಕಡಿದುಹೋದರೆ ತಂತಿಯು ಎಲ್ಲಿಗೂ ಸೇರದೆ ತೇಲುತ್ತದೆ. ಆಗ ಇಸಿಯುಗೆ ಪೆಡಲ್ ಒತ್ತಿದಂತೆಯೂ ಕಾಣಬಹುದು. ಸಾಮಾನ್ಯ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿಸಿದ ಮೇಲೆ ಇಂಥ ದೂರು ಶುರುವಾಗಿದ್ದರೆ ಹಳೆಯ ಬಲ್ಬನ್ನು ಹಾಕಿ ನೋಡುವುದೇ ಅತ್ಯಂತ ಸುಲಭವಾದ ಪರೀಕ್ಷೆ.

ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ದೋಷಸಂಖ್ಯೆಯನ್ನು ಓದುತ್ತವೆಯಾದರೂ, ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಮಾಹಿತಿಯಲ್ಲಿ ಬ್ರೇಕ್ ಸ್ವಿಚ್ಚಿನ ಸ್ಥಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಂಪನಿಯ ಮಟ್ಟದ ಮಾಹಿತಿಯನ್ನು ತೆರೆಯುವ ಸ್ಕ್ಯಾನರ್ ಇದ್ದರೆ ಲೈವ್ ಡೇಟಾದಲ್ಲಿ (ಆ ಕ್ಷಣದ ಮಾಹಿತಿಯಲ್ಲಿ) ಎರಡೂ ಸಂಪರ್ಕಗಳನ್ನು ಪಕ್ಕಪಕ್ಕದಲ್ಲಿ ಇರಿಸಿಕೊಂಡು, ಪೆಡಲನ್ನು ಬಹಳ ನಿಧಾನವಾಗಿ, ಕೂದಲೆಳೆಯಷ್ಟೇ ಒತ್ತುತ್ತ ಹೋಗಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಹಂತದಲ್ಲಿ ಬದಲಾಗಬೇಕು. ಒಂದು ತಕ್ಷಣ ಬದಲಾಗಿ ಇನ್ನೊಂದು ಪೆಡಲ್ ಅರ್ಧ ಕೆಳಗೆ ಹೋದ ಮೇಲೆ ಬದಲಾದರೆ ಹೊಂದಾಣಿಕೆ ತಪ್ಪಿದೆ ಅಥವಾ ಒಳಭಾಗ ಸವೆದಿದೆ. ಒಂದು ಬದಲಾಗದೆ ಹಾಗೆಯೇ ಉಳಿದರೆ ಯಾವ ಬದಿಯನ್ನು ಅಳೆಯಬೇಕು ಎಂಬುದು ತಿಳಿಯುತ್ತದೆ. ದೀಪಗಳು ಸರಿಯಾಗಿ ಹತ್ತಿ ಆರುತ್ತಿರುವಾಗಲೂ ಎಚ್ಚರಿಕೆ ದೀಪ ಮೀಟರಿನಲ್ಲಿ ಉಳಿಯುವುದಕ್ಕೆ ಈ ಎರಡನೆಯ ಸಂಪರ್ಕವೇ ಆಗಾಗ ಕಾರಣ. ದೀಪ ಸರಿಯಿದೆ, ಆದ್ದರಿಂದ ಸ್ವಿಚ್ಚೂ ಸರಿಯಿದೆ ಎಂಬ ವಾದ ನಾಲ್ಕು ತಂತಿಯ ಸ್ವಿಚ್ಚಿಗೆ ಒಪ್ಪುವುದಿಲ್ಲ.

ಅಳತೆ

ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬಾಡಿಯ ಬಣ್ಣವಿಲ್ಲದ ಒಳ್ಳೆಯ ಬೋಲ್ಟಿಗೆ ಹಿಡಿದು, ಕಪ್ಲರನ್ನು ಬಿಚ್ಚದೆಯೇ ಅದರ ಹಿಂಬದಿಯಿಂದ ತೆಳುವಾದ ಸೂಜಿಮೊನೆಯನ್ನು ತಂತಿಯ ಪಕ್ಕದಲ್ಲಿ ಜಾರಿಸಿ ಅಳೆಯಬೇಕು. ಪಿನ್ನಿನ ಮುಂಭಾಗಕ್ಕೆ ದಪ್ಪ ಮೊನೆ ತೂರಿಸಿದರೆ ಅದು ಅಗಲವಾಗಿ, ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ. ಸ್ಟೀರಿಂಗ್ ಬಳಿಯಿರುವ ಹಳದಿ ಬಣ್ಣದ ಕಪ್ಲರುಗಳು ಏರ್‌ಬ್ಯಾಗಿಗೆ ಸೇರಿದವು, ಅವನ್ನು ಮುಟ್ಟಬಾರದು.

ದೀಪದ ಸಂಪರ್ಕದ ಒಂದು ತಂತಿಯಲ್ಲಿ ಕೀಲಿ ತೆಗೆದಿದ್ದರೂ ಸುಮಾರು 12 ವೋಲ್ಟ್ ಇರಬೇಕು. ಇಲ್ಲದಿದ್ದರೆ ದೋಷ ಸ್ವಿಚ್ಚಿಗಿಂತ ಹಿಂದೆ, ಫ್ಯೂಸಿನ ಕಡೆ ಇದೆ. ಇನ್ನೊಂದು ತಂತಿಯಲ್ಲಿ ಪೆಡಲ್ ಬಿಟ್ಟಾಗ ಸೊನ್ನೆ, ಒತ್ತಿದಾಗ 12 ವೋಲ್ಟ್ ಬರಬೇಕು. ಇಸಿಯು ಸಂಪರ್ಕದ ಜೋಡಿಯಲ್ಲಿ ಕೀಲಿ ಆನ್ ಮಾಡಿದಾಗ ಇದಕ್ಕೆ ವಿರುದ್ಧ: ಪೆಡಲ್ ಬಿಟ್ಟಾಗ ಒಂದೆಡೆಯಿಂದ ಬಂದ ವೋಲ್ಟೇಜ್ ಇನ್ನೊಂದೆಡೆಯೂ ಕಾಣಬೇಕು, ಒತ್ತಿದಾಗ ಕಡಿಯಬೇಕು. ಇದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಆದರೆ ಮಲ್ಟಿಮೀಟರ್ ಒಂದು ವಿಷಯದಲ್ಲಿ ಮೋಸ ಮಾಡುತ್ತದೆ. ಅದು ಎಳೆಯುವ ವಿದ್ಯುತ್ತು ಎಷ್ಟು ಕಡಿಮೆಯೆಂದರೆ, ಅರ್ಧ ಸುಟ್ಟು ಕಪ್ಪಾದ ಸಂಪರ್ಕದ ಮೂಲಕವೂ, ಒಂದೇ ಎಳೆ ಉಳಿದ ತಂತಿಯ ಮೂಲಕವೂ ಅದಕ್ಕೆ ಪೂರ್ತಿ 12 ವೋಲ್ಟ್ ಕಾಣಿಸುತ್ತದೆ. ಆದ್ದರಿಂದ ಬಲ್ಬುಗಳು ಜೋಡಣೆಯಲ್ಲಿರುವಾಗಲೇ, ಪೆಡಲ್ ಒತ್ತಿ ಹಿಡಿದು, ಮೀಟರಿನ ಎರಡೂ ಮೊನೆಗಳನ್ನು ಸ್ವಿಚ್ಚಿನ ಒಳತಂತಿ ಮತ್ತು ಹೊರತಂತಿಗಳಿಗೆ ತಾಗಿಸಿ ನಡುವಿನ ವ್ಯತ್ಯಾಸವನ್ನು ನೋಡಬೇಕು. ಒಳ್ಳೆಯ ಸಂಪರ್ಕದಲ್ಲಿ ಇದು ಒಂದು ವೋಲ್ಟಿನ ಸಣ್ಣ ಭಾಗವಷ್ಟೇ ಇರುತ್ತದೆ. ಒಂದು ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಅಲ್ಲೇ ಸೋರಿಹೋಗುತ್ತಿದ್ದರೆ ಸ್ವಿಚ್ಚಿನ ಒಳಭಾಗ ಸುಟ್ಟಿದೆ ಅಥವಾ ಅದರ ಕಪ್ಲರಿನ ಪಿನ್ನು ಕೆಟ್ಟಿದೆ ಎಂದು ಹೇಳಬಹುದು. ಹಳೆಯ ಎಲೆಕ್ಟ್ರಿಷಿಯನ್‌ಗಳು ಇಂದಿಗೂ ಎರಡು ತಂತಿ ಬೆಸೆದ 21 ವ್ಯಾಟಿನ ಬಲ್ಬನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಇದೇ ಕಾರಣಕ್ಕೆ: ಅದು ಪ್ರಕಾಶವಾಗಿ ಹತ್ತಿದರೆ ಸಂಪರ್ಕ ಭಾರವನ್ನು ಹೊರಬಲ್ಲದು. ಆದರೆ ಆ ಬಲ್ಬನ್ನು ದೀಪದ ತಂತಿಗೆ ಮಾತ್ರ ಬಳಸಬೇಕು, ಇಸಿಯು ಅಥವಾ 5 ವೋಲ್ಟಿನ ಸೆನ್ಸರ್ ತಂತಿಗಳಿಗೆ ತಾಗಿಸಿದರೆ ಇಸಿಯುವಿಗೇ ಹಾನಿಯಾಗಬಹುದು.

ಪೆಡಲ್ ಸ್ಥಾನ ಸೆನ್ಸರಿನ ಅಳತೆ ಬೇರೆ ರೀತಿಯದು. ಅದಕ್ಕೆ ಒಂದು ತಂತಿಯಲ್ಲಿ ಗಣಕದಿಂದ 5 ವೋಲ್ಟ್ ಬರುತ್ತದೆ, ಇನ್ನೊಂದು ಅರ್ಥ್, ಮೂರನೆಯದು ಸಂಕೇತ. ಸ್ಥಾನವನ್ನು ಎರಡು ಪಥಗಳಲ್ಲಿ ಬೇರೆಬೇರೆಯಾಗಿ ಅಳೆಯುವ ಸೆನ್ಸರಿನಲ್ಲಿ ಸಂಕೇತದ ತಂತಿಗಳು ಎರಡು. 5 ವೋಲ್ಟ್ ಮತ್ತು ಅರ್ಥ್ ಎರಡೂ ಸರಿಯಿವೆ ಎಂದು ಖಚಿತವಾಗುವ ತನಕ ಸಂಕೇತವನ್ನು ಅಳೆಯುವುದರಲ್ಲಿ ಅರ್ಥವಿಲ್ಲ. ಪೆಡಲ್ ಬಿಟ್ಟಾಗ ಸಂಕೇತವು ಸೊನ್ನೆಯಲ್ಲಿಯೂ ಇರುವುದಿಲ್ಲ, ಪೂರ್ತಿ ಒತ್ತಿದಾಗ 5 ವೋಲ್ಟನ್ನು ಮುಟ್ಟುವುದೂ ಇಲ್ಲ. ಎರಡೂ ತುದಿಗಳನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಸಂಕೇತ ಆ ತುದಿಗಳಿಗೆ ಬಂದರೆ ತಂತಿ ಕಡಿದಿದೆ ಅಥವಾ ಬೇರೊಂದಕ್ಕೆ ತಾಗಿದೆ ಎಂದು ಗಣಕ ತಿಳಿಯುವುದು ಹಾಗೆಯೇ. ನಡುವೆ ಏರಿಕೆ ನುಣುಪಾಗಿರಬೇಕು. ಕೆಲವು ಸೆನ್ಸರುಗಳೊಳಗಿನ ಪೊಟೆನ್ಷಿಯೊಮೀಟರ್ (ಪಟ್ಟಿಯ ಮೇಲೆ ಜಾರುವ ಸಂಪರ್ಕ) ಸವೆದಿದ್ದರೆ, ಚಾಲಕರ ಕಾಲು ಪ್ರತಿದಿನ ನಿಲ್ಲುವ ಆ ಮೊದಲ ಕೆಲವು ಮಿಲಿಮೀಟರುಗಳ ಜಾಗದಲ್ಲಿಯೇ, ಸಂಕೇತ ಕ್ಷಣಕಾಲ ಬಿದ್ದು ಏಳುತ್ತದೆ. ಸಾಧಾರಣ ಮೀಟರಿನ ಅಂಕಿ ಇದನ್ನು ಹಿಡಿಯುವಷ್ಟು ಚುರುಕಲ್ಲ. ಕನಿಷ್ಠ–ಗರಿಷ್ಠ ದಾಖಲಿಸುವ ಸೌಲಭ್ಯವಿರುವ ಮೀಟರ್ ಅಥವಾ ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬೇಕು. ಕೆಲವು ವಾಹನಗಳಲ್ಲಿ ಎರಡು ಪಥಗಳಲ್ಲಿ ಒಂದು ಏರುವಾಗ ಇನ್ನೊಂದು ಇಳಿಯುವಂತೆ ರಚಿಸಿರುತ್ತಾರೆ. ಅಂಥದರಲ್ಲಿ ಎರಡರ ಮೊತ್ತ ಎಲ್ಲ ಹಂತಗಳಲ್ಲಿಯೂ ಸರಿಸುಮಾರು ಒಂದೇ ಇರಬೇಕು.

ಅಳತೆಯೆಲ್ಲ ಸರಿ ಬಂದು ದೋಷ ಮಾತ್ರ ಬಂದು ಬಂದು ಹೋಗುತ್ತಿದ್ದರೆ ತಂತಿ ಮತ್ತು ಕಪ್ಲರುಗಳ ಕಡೆಗೆ ತಿರುಗಬೇಕು. ಒಬ್ಬರು ಲೈವ್ ಡೇಟಾ ಅಥವಾ ಮೀಟರ್ ನೋಡುತ್ತಿರುವಾಗ ಇನ್ನೊಬ್ಬರು ಹಾರ್ನೆಸ್ಸನ್ನು, ಅಂದರೆ ತಂತಿಗಳ ಕಟ್ಟನ್ನು, ಸ್ವಿಚ್ಚಿನಿಂದ ಗಣಕಪೆಟ್ಟಿಗೆಯ ತನಕ ಗೇಣುಗೇಣಾಗಿ ಅಲುಗಿಸುತ್ತ ಹೋಗಬೇಕು. ಯಾವ ಜಾಗದಲ್ಲಿ ಅಂಕಿ ಜಿಗಿಯುತ್ತದೆಯೋ ಅಲ್ಲಿ ದೋಷವಿದೆ. ಕೀಲಿ ತೆಗೆದು ಕಪ್ಲರ್ ಬಿಚ್ಚಿದಾಗ ತವರದ ಲೇಪನವಿರುವ ಪಿನ್ನಿನ ಮೇಲೆ, ಎದುರಿನ ಪಿನ್ನು ತಾಗುವ ಚುಕ್ಕೆಯಲ್ಲಿ ಮಾತ್ರ, ಸೀಸದ ಕಡ್ಡಿಯಿಂದ ಗುರುತು ಹಾಕಿದಂಥ ಕಪ್ಪು ಕಲೆ ಕಂಡರೆ ಅದೇ ಉಜ್ಜುಗಿಲುಬು. ದೀಪದ ತಂತಿಯಲ್ಲಿ ಹರಿಯುವ ಹಲವು ಆಂಪಿಯರುಗಳು ಇಂಥ ತೆಳು ಪದರವನ್ನು ಭೇದಿಸಿಕೊಂಡು ಹೋಗಬಲ್ಲವು, ಆದರೆ 5 ವೋಲ್ಟಿನ ಸೆನ್ಸರ್ ತಂತಿಯ ಅತ್ಯಲ್ಪ ವಿದ್ಯುತ್ತಿಗೆ ಆ ಬಲವಿಲ್ಲ. ಸ್ಥಾನ ಸೆನ್ಸರ್ ಇರುವ ವಾಹನಗಳಲ್ಲಿ ಕಪ್ಲರಿನ ದೋಷ ಹೆಚ್ಚು ಕಾಡುವುದು ಇದರಿಂದಲೇ. ಕಪ್ಲರನ್ನು ಬಿಚ್ಚಿ ಹಾಕಿದರೆ ಕಲೆ ಉಜ್ಜಿಹೋಗಿ ಕೆಲವು ದಿನ ಎಲ್ಲವೂ ಸರಿಯಾದಂತೆ ತೋರುತ್ತದೆ. ಹೊಸ ಸೆನ್ಸರ್ ಹಾಕಿದ ಮೇಲೆ ಸರಿಹೋಯಿತು, ತಿಂಗಳಾದ ಮೇಲೆ ಮತ್ತೆ ಬಂತು ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಈ ತಾತ್ಕಾಲಿಕ ಶುದ್ಧಿಯೇ.

ಬದಲಿಸುವಾಗ ಮತ್ತು ಆಮೇಲೆ

ತಿರುಪು ಇರುವ ಸ್ವಿಚ್ಚನ್ನು ಲಾಕ್‌ನಟ್ ಸಡಿಲಿಸಿ ಮುಂದೆ ಹಿಂದೆ ಸರಿಸಬಹುದು. ಪೆಡಲ್ ವಿಶ್ರಾಂತಿಯಲ್ಲಿದ್ದಾಗ ಸ್ವಿಚ್ಚಿನ ದೇಹಕ್ಕೂ ಸ್ಟಾಪರಿಗೂ ನಡುವೆ ಸರ್ವಿಸ್ ಪುಸ್ತಕ ಹೇಳುವಷ್ಟು, ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್, ಸಂದಿ ಇರಬೇಕು. ಸಂದಿ ಕೊಡದೆ ಬಿಗಿದರೆ ಪೆಡಲ್ ಪೂರ್ತಿ ಮೇಲೆ ಬರಲಾರದು, ಬ್ರೇಕ್ ಸ್ವಲ್ಪ ಹಿಡಿದುಕೊಂಡೇ ಇದ್ದು ಪ್ಯಾಡುಗಳು ಬಿಸಿಯಾಗುತ್ತವೆ. ಇದು ಸ್ವಿಚ್ಚಿನ ಮೂಲ ದೋಷಕ್ಕಿಂತ ಅಪಾಯಕಾರಿ. ತಿರುಗಿಸಿ ಲಾಕ್ ಮಾಡುವ ಸ್ವಯಂ ಹೊಂದಾಣಿಕೆಯ ಸ್ವಿಚ್ಚುಗಳಲ್ಲಿ ಕಡ್ಡಿಯನ್ನು ಮೊದಲು ಪೂರ್ತಿ ಹೊರಗೆ ಎಳೆದು, ಆ ಮಾದರಿಗೆ ಹೇಳಿರುವ ಪೆಡಲ್ ಸ್ಥಿತಿಯಲ್ಲಿ ಕೂರಿಸಬೇಕು; ಇಂಥ ಸ್ವಿಚ್ಚುಗಳಲ್ಲಿ ಹಲವು ಒಮ್ಮೆ ಕೂರಿಸಲು ಮಾತ್ರ ತಯಾರಾದವು, ಬಿಚ್ಚಿ ಮತ್ತೆ ಹಾಕಿದರೆ ಅಳತೆ ಸರಿ ಬರುವುದಿಲ್ಲ. ಸ್ಥಾನ ಸೆನ್ಸರ್ ಬದಲಿಸಿದರೆ ಸ್ಕ್ಯಾನರಿನಿಂದ ವಿಶ್ರಾಂತ ಸ್ಥಾನವನ್ನು ಕಲಿಸುವುದು ಅಗತ್ಯ, ಮತ್ತು ಆ ಹೊತ್ತಿನಲ್ಲಿ ಕಾಲು ಪೆಡಲಿನ ಮೇಲೆ ಇರಬಾರದು. ಕಾಲಿಟ್ಟುಕೊಂಡೇ ಕಲಿಸಿದರೆ ಗಣಕವು ಅದನ್ನೇ ಸೊನ್ನೆಯೆಂದು ನಂಬಿ, ಮೃದುವಾಗಿ ಬ್ರೇಕ್ ಹಿಡಿದಾಗ ದೀಪ ಹತ್ತಿಸುವುದೇ ಇಲ್ಲ.

ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಎರಡು ಉಪಾಯಗಳು. ಅನೇಕ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್ ಲಿವರ್ ಪಕ್ಕದ ಸಣ್ಣ ಮುಚ್ಚಳದ ಕೆಳಗೆ, ಲಿವರನ್ನು ಪಾರ್ಕಿಂಗ್ ಸ್ಥಾನದಲ್ಲಿ ಹಿಡಿದಿಡುವ ಶಿಫ್ಟ್ ಲಾಕ್ ಬಿಡಿಸುವ ಗುಂಡಿ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ಒತ್ತಿ ಹಿಡಿದು, ಕೀಲಿಯ ತುದಿಯಿಂದ ಅದನ್ನು ಒತ್ತಿದರೆ ಲಿವರ್ ಕದಲುತ್ತದೆ. ಟೊಯೋಟಾದ ಕೆಲವು ಮಾದರಿಗಳಲ್ಲಿ ಆಕ್ಸೆಸರಿ ಸ್ಥಿತಿಗೆ ಬಂದು, ಬ್ರೇಕನ್ನು ಬಲವಾಗಿ ಒತ್ತಿಕೊಂಡು ಸ್ಟಾರ್ಟ್ ಗುಂಡಿಯನ್ನು ಸುಮಾರು 15 ಸೆಕೆಂಡ್ ಒತ್ತಿ ಹಿಡಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ ಎಂದು ಮಾಲೀಕರ ಕೈಪಿಡಿಯಲ್ಲಿಯೇ ಹೇಳಿದೆ. ಹೀಗೆ ಹೊರಟ ವಾಹನದ ಬ್ರೇಕ್ ದೀಪಗಳು ಹತ್ತುತ್ತಿಲ್ಲವಾದರೆ ಹತ್ತಿರದ ಗ್ಯಾರೇಜಿನ ತನಕ ಮಾತ್ರ, ನಿಧಾನವಾಗಿ, ಹಿಂದಿನ ವಾಹನಕ್ಕೆ ಕೈಸನ್ನೆ ಮಾಡುತ್ತ ಹೋಗಬೇಕು.

ದುರಸ್ತಿಯ ಬಳಿಕ ದೋಷಸಂಖ್ಯೆ ಅಳಿಸಿ, ನಿಂತಲ್ಲೇ ದೀಪ ನೋಡಿ ಬಿಲ್ ಮಾಡುವುದು ಸಾಲದು. ಖಾಲಿ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಪೆಡಲನ್ನು ಲಘುವಾಗಿ ಮುಟ್ಟಿದಾಗ ಅದು ತಕ್ಷಣ ಕಳಚಿಕೊಳ್ಳುತ್ತದೆಯೇ, ಕಲ್ಲುಮಣ್ಣಿನ ರಸ್ತೆಯಲ್ಲಿ ಸ್ವಲ್ಪ ದೂರ ಅದುರಿಸಿಕೊಂಡು ಹೋಗಿ ಬಂದ ಮೇಲೂ ಸ್ಕ್ಯಾನರ್ ಶುದ್ಧವಾಗಿದೆಯೇ, ರಾತ್ರಿ ಕೀಲಿ ತೆಗೆದು ಹತ್ತು ನಿಮಿಷ ಬಿಟ್ಟು ನೋಡಿದಾಗ ಹಿಂದಿನ ದೀಪಗಳು ಪೂರ್ತಿ ಆರಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಎಲ್‌ಇಡಿ ದೀಪಗಳಿರುವ ಕಾರಿನಲ್ಲಿ ಕೀಲಿ ಆನ್ ಇರುವಾಗ ಅವು ಅತಿ ಮಂಕಾಗಿ ಮಿಣುಕಿದರೆ ಗಾಬರಿ ಬೇಡ: ಬಲ್ಬು ಇದೆಯೇ ಎಂದು ತಿಳಿಯಲು ಗಣಕವು ಕಳುಹಿಸುವ ಪರೀಕ್ಷಾ ವಿದ್ಯುತ್ತಿಗೆ ಎಲ್‌ಇಡಿ ಸ್ಪಂದಿಸುವುದು ಹಾಗೆ, ಪೆಡಲಿಗೂ ಅದಕ್ಕೂ ಸಂಬಂಧವಿಲ್ಲ.